ನಿಮಗಿದು ಗೊತ್ತೆ? – ವೃದ್ಧಾಶ್ರಮದ ಲಂಚ, ಇಟಲಿಯ ಪಕ್ಷಗಳ ಪತನ

ದ್ವಿತೀಯ ಮಹಾಯುದ್ಧಾನಂತರ ಇಟಲಿಯ ಸರ್ಕಾರಗಳೆಲ್ಲವುಗಳಲ್ಲಿಯೂ ಭಾಗಿಯಾಗಿದ್ದ ಕ್ರಿಶ್ಚಿಯನ್ ಡೆಮಾಕ್ರಸಿ ಪಕ್ಷವೂ, 1892ರಲ್ಲಿ ಸ್ಥಾಪಿತವಾಗಿ ಒಂದು ಶತಮಾನವನ್ನು ಕಂಡಿದ್ದ ಸಮಾಜವಾದಿ ಪಕ್ಷವೂ 1994ನೆಯ ಇಸವಿಯೊಂದರಲ್ಲಿಯೇ ವಿಸರ್ಜಿತವಾದುವು. ಈ ಮಹಾಪತನಕ್ಕೆ ಮೂಲ, ಮಿಲಾನ್ ನಗರದ ಒಂದು ವೃದ್ಧಾಶ್ರಮದ ಶುಚಿಕಾರ್ಯದ ಗುತ್ತಿಗೆ.

1992ರ ಫೆಬ್ರವರಿ 17ರಂದು ಆ ಆಶ್ರಮದ ಅಧ್ಯಕ್ಷನೂ ಸಮಾಜವಾದಿ ಪಕ್ಷದ ಮುಖಂಡನೂ ಆಗಿದ್ದ ಮಾರಿಯೊ ಕಿಯೇಸಾ, ಗುತ್ತಿಗೆದಾರನಿಂದ 70 ಲಕ್ಷ ಲೀರಾ ಲಂಚವನ್ನು ಸ್ವೀಕರಿಸಿದ ಕ್ಷಣದಲ್ಲಿಯೇ ಬಂಧಿತನಾದನು. ಸ್ವಪಕ್ಷವೇ ಅವನನ್ನು ಕೈಬಿಟ್ಟ ಮೇಲೆ ಅವನು ನುಡಿದ ಸಂಗತಿಗಳ ಜಾಡನ್ನು ಹಿಡಿದು ಅಭಿಯೋಜಕ ಅಂತೋನಿಯೊ ದಿ ಪಿಯೆತ್ರೊ ಮತ್ತು ಸಹೋದ್ಯೋಗಿಗಳು ನಡೆಸಿದ ‘ಶುದ್ಧಹಸ್ತ’ ತನಿಖೆಯು, ಸಾರ್ವಜನಿಕ ಕಾಮಗಾರಿಗಳ ಹಣದಲ್ಲಿ ಒಂದಂಶವು ಪಕ್ಷಗಳ ಬೊಕ್ಕಸಕ್ಕೆ ನಿಯತವಾಗಿ ಸಂದಾಯವಾಗುತ್ತಿದ್ದುದನ್ನು ಬಯಲಿಗೆಳೆಯಿತು. ಮಾಜಿ ಪ್ರಧಾನಿ ಬೆತ್ತಿನೊ ಕ್ರಾಕ್ಸಿ 1992ರ ಜುಲೈನಲ್ಲಿ ಸಂಸತ್ತಿನಲ್ಲಿಯೇ ಅಕ್ರಮ ನಿಧಿಸಂಗ್ರಹವು ಎಲ್ಲ ಪಕ್ಷಗಳಿಗೂ ಸಾಮಾನ್ಯವೆಂದು ಪ್ರತಿಪಾದಿಸಿ, ಬಳಿಕ ಟ್ಯುನೀಸಿಯಕ್ಕೆ ತೆರಳಿ, 2000ದಲ್ಲಿ ಅಲ್ಲಿಯೇ ನಿಧನ ಹೊಂದಿದನು.

ಇಂಥ ಭ್ರಷ್ಟತೆಯನ್ನು ತಡೆಯಲೆಂದೇ ಇಟಲಿಯು 1974ರಲ್ಲಿ ಪಕ್ಷಗಳಿಗೆ ಸರ್ಕಾರಿ ಧನಸಹಾಯವನ್ನು ಜಾರಿಗೆ ತಂದಿತ್ತು. ಆ ಧನವನ್ನೂ ಪಡೆದು ಲಂಚವನ್ನೂ ಬಿಡದ ಪಕ್ಷಗಳ ನಡತೆಯಿಂದ ನೊಂದ ಪ್ರಜೆಗಳು 1993ರ ಏಪ್ರಿಲ್‌ನ ಜನಮತಗಣನೆಯಲ್ಲಿ ಶೇಕಡಾ 90ಕ್ಕೂ ಮಿಗಿಲಾದ ಮತಗಳಿಂದ ಆ ಸಹಾಯವನ್ನು ರದ್ದುಗೊಳಿಸಿದರು. ಪಕ್ಷಗಳಿಲ್ಲದೆ ಪ್ರಜಾಪ್ರಭುತ್ವವು ನಡೆಯಲಾರದು. ಆದುದರಿಂದಲೇ ಪಕ್ಷನಿಧಿಯ ಆಯವ್ಯಯಗಳು ಪ್ರತಿಯೊಬ್ಬ ಮತದಾರನ ಪರಿಶೀಲನೆಗೂ ತೆರೆದಿರುವುದು ಅತ್ಯಾವಶ್ಯಕ.