ನಯಗೊಳಿಸಿದ ಕೇಶವೂ ಸವಳು ನೀರೂ

ಮದುವೆಯ ಕಾಲದಲ್ಲಿ ರೋಣ, ನರಗುಂದ, ಗಜೇಂದ್ರಗಡಗಳ ತರುಣಿಯರು ಬ್ಯೂಟಿ ಪಾರ್ಲರಿಗೆ ಹೋಗಿ, ಸಹಸ್ರಾರು ರೂಪಾಯಿ ತೆತ್ತು, ಸ್ಮೂದನಿಂಗ್ ಎಂಬ ಕೇಶಸಂಸ್ಕಾರವನ್ನು ಮಾಡಿಸಿಕೊಳ್ಳುವುದುಂಟು. ಕೆಲವು ತಿಂಗಳು ಉಳಿಯಬೇಕಾದ ಆ ನಯವು ಬೇಗನೆ ಅಳಿದರೆ, ಔಷಧವನ್ನು ಹಳಿಯುವ ಮೊದಲು ಮನೆಯ ನೀರನ್ನು ಪರೀಕ್ಷಿಸುವುದು ಯುಕ್ತ.

ನಮ್ಮ ಎರೆಭೂಮಿಯ ಅನೇಕ ಕೊಳವೆಬಾವಿಗಳದು ಸವಳು ನೀರು. ಅದರೊಳಗಿನ ಸುಣ್ಣ, ಮೆಗ್ನೀಶಿಯಂ ಲವಣಗಳು ಕೂದಲಿಗೆ ಹತ್ತಿ ಅದನ್ನು ಒರಟಾಗಿಸುತ್ತವೆ. ಸಾಬೂನು ಹಚ್ಚಿದರಂತೂ ಜಿಡ್ಡೇ ಕಟ್ಟುವುದು. ಒರಟಾಯಿತೆಂದು ಮತ್ತೆ ಮತ್ತೆ ತೊಳೆದರೆ ಲೇಪವೂ ಸವೆಯುವುದು. ಆದಕಾರಣ ಸಲ್ಫೇಟಿಲ್ಲದ ಮೃದುವಾದ ಶಾಂಪೂವಿನಿಂದ ವಾರಕ್ಕೆ ಎರಡು ಸಲ ತೊಳೆದರೆ ಸಾಕು. ಕಡೆಯ ಎರಡು ತಂಬಿಗೆಯಾದರೂ ಮಾಳಿಗೆಯಿಂದ ಹಿಡಿದಿಟ್ಟ ಮಳೆಯ ನೀರಾಗಲಿ, ಕುದಿಸಿ ಆರಿಸಿ ತಿಳಿ ಬಸಿದ ನೀರಾಗಲಿ ಇರಲಿ. ಕುದಿಸಿದರೆ ಗಡಸುತನ ತುಸುಮಟ್ಟಿಗೆ ಮಾತ್ರ ಇಳಿಯುವುದು. ಮಳೆಯ ನೀರಿಗೆ ಸರಿಯಿಲ್ಲ. ಮೊದಲ ಎರಡು ಮೂರು ದಿನ ನೀರು ಸೋಕಿಸಬಾರದೆಂದು ಪಾರ್ಲರಿನವರು ಹೇಳಿದ್ದರೆ ಅದನ್ನು ಪಾಲಿಸಬೇಕು; ಆಗ ಬಿಗಿಯಾಗಿ ಜಡೆ ಹೆಣೆಯಲೂ ಬಾರದು. ದಿಂಬಿನ ಮೇಲೆ ಹಳೆಯ ಇಳಕಲ್ಲ ಸೀರೆಯ ರೇಷ್ಮೆ ಸೆರಗನ್ನು ಹಾಸಿದರೆ ತಿಕ್ಕಾಟ ಕಡಿಮೆ. ಅಜ್ಜಿಯರು ಗದರಿದರೆ ನನ್ನ ಹೆಸರು ಹೇಳಬೇಡಿರಿ!

ಅಮರಕೋಶವು ಕೂದಲಿಗೆ ಹೇಳಿದ ಹೆಸರುಗಳಲ್ಲಿ ಶಿರೋರುಹವೆಂಬುದೊಂದು. ತಲೆಯಲ್ಲಿ ಬೆಳೆಯುವಂಥದೆಂದು ಅರ್ಥ. ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುವ ಹೊಸ ಕೂದಲು ತನ್ನ ಸಹಜ ಗುಂಗುರನ್ನೇ ತರುವುದು. ಅದನ್ನು ಕಂಡು ಅವಸರದಿಂದ ಇನ್ನೊಮ್ಮೆ ಮಾಡಿಸುವುದು ನನಗೆ ಸಮ್ಮತವಲ್ಲ. ಕೆಲವು ದ್ರಾವಣಗಳು ಕಾಸಿದಾಗ ಫಾರ್ಮಾಲ್ಡಿಹೈಡ್ ಎಂಬ ವಿಷವಾಯುವನ್ನು ಬಿಡುತ್ತವೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುವೆಂದು ನಿರ್ಣಯಿಸಿತು. ಕುಳಿತಲ್ಲಿ ಕಣ್ಣು ಉರಿದರೆ ಸಂಕೋಚಪಡದೆ ಎದ್ದು ಹೊರಗೆ ಬರಬೇಕು. ಗರ್ಭಿಣಿಯರು ಹೋಗದಿರುವುದೇ ಕ್ಷೇಮ.