ವಿಮಾನದ ಸಂಗೀತಕ್ಕೂ ಬಾಡಿಗೆ!

ವಿಮಾನ ಹತ್ತಿ, ಚೀಲವನ್ನು ಮೇಲಿಟ್ಟು, ಸೊಂಟಕ್ಕೆ ಪಟ್ಟಿ ಬಿಗಿಯುವ ಹೊತ್ತಿಗೆ ಮೆಲ್ಲಗೆ ವಾದ್ಯಸಂಗೀತ ಕೇಳಿಬರುತ್ತದೆ. ಪ್ರಯಾಣಿಕರಿಗೆ ಅದು ಪುಕ್ಕಟೆ. ವಿಮಾನ ಸಂಸ್ಥೆಗಲ್ಲ.

ಅಮೆರಿಕದ ಯುನೈಟೆಡ್ ಏರ್‌ಲೈನ್ಸ್‌ನ ಕಥೆಯನ್ನೇ ನೋಡಿ. ಜಾರ್ಜ್ ಗರ್ಷ್ವಿನ್ 1924ರಲ್ಲಿ ರಚಿಸಿದ 'ರಾಪ್ಸಡಿ ಇನ್ ಬ್ಲೂ' ಅದರ ಗುರುತಿನ ಸಂಗೀತ. ಕ್ಲಾರಿನೆಟ್ಟೊಂದು ಕೆಳಸ್ವರದಿಂದ ಜಾರುತ್ತ ಮೇಲೇರುವ ಅದರ ಆರಂಭ, ನೆಲ ಬಿಟ್ಟೇಳುವ ವಿಮಾನಕ್ಕೆಂದೇ ಬರೆದಂತಿದೆ! 1980ರ ದಶಕದಲ್ಲಿ ಇದನ್ನು ಬಳಸಲು ಸಂಸ್ಥೆ 3 ಲಕ್ಷ ಡಾಲರ್ ತೆತ್ತಿತೆಂದು ವರದಿಯಾಗಿತ್ತು. ಷಿಕಾಗೋದ ಓಹೇರ್ ನಿಲ್ದಾಣದಲ್ಲಿ ಬಣ್ಣದ ದೀಪಗಳ ಸುರಂಗದಾರಿಯಲ್ಲೂ ಇದೇ ನಾದ.

ಗರ್ಷ್ವಿನ್ ತೀರಿಕೊಂಡದ್ದು 1937ರಲ್ಲಿ. ಹಣ ಹೋದದ್ದು ವಾರಸುದಾರರಿಗೆ. 1999ರ ಕೊನೆಗೆ ಮುಗಿಯಬೇಕಿದ್ದ ಹಕ್ಕನ್ನು 1998ರ ಕಾನೂನು ಇನ್ನೂ 20 ವರ್ಷ ಎಳೆಯಿತು. ಇದು ತುಸು ಅತಿಯೇ ಆಯಿತೆನ್ನಬೇಕು. ಅಂತೂ 2020ರ ಜನವರಿ 1ರಂದು ಆ ಕೃತಿ ಅಮೆರಿಕದಲ್ಲಿ ಎಲ್ಲರ ಸ್ವತ್ತಾಯಿತು.

ನಮ್ಮ ವಿಮಾನಗಳಲ್ಲಿ ಭಾರತೀಯ ಸಂಗೀತ ನುಡಿಸಿ ಎಂದು ವಿಮಾನಯಾನ ಸಚಿವಾಲಯ 2021ರ ಡಿಸೆಂಬರಿನಲ್ಲಿ ಸಂಸ್ಥೆಗಳಿಗೆ ಪತ್ರ ಬರೆಯಿತು. ತ್ಯಾಗರಾಜರ ಕೀರ್ತನೆ ಹಾಕಿದರೆ ಖರ್ಚಿಲ್ಲವಲ್ಲ ಎನ್ನಬಹುದು. ರಚನೆಗೇನೋ ಖರ್ಚಿಲ್ಲ, ನಮ್ಮಲ್ಲಿ ಹಕ್ಕು ಉಳಿಯುವುದು ಕೃತಿಕಾರರು ಗತಿಸಿದ ಮೇಲೆ 60 ವರ್ಷ, ತ್ಯಾಗರಾಜರು ತೀರಿಕೊಂಡದ್ದು 1847ರಲ್ಲಿ. ಆದರೆ ಅದನ್ನೇ ವೀಣೆಯಲ್ಲಿ ನುಡಿಸಿ ಈಚೆಗೆ ಧ್ವನಿಮುದ್ರಿಸಿದ್ದರೆ ಆ ಮುದ್ರಿಕೆಗೆ ಬೇರೆಯೇ ಹಕ್ಕು, ಪ್ರಕಟವಾದ ಮೇಲೆ 60 ವರ್ಷ.

ಹಾಗಾದರೆ ಶಾಲೆಯ ವಾರ್ಷಿಕೋತ್ಸವದ ಸಿನಿಮಾ ಹಾಡಿನ ಕುಣಿತ? ಹೆದರಬೇಕಿಲ್ಲ. ನೋಡುವವರು ಶಿಕ್ಷಕರು, ವಿದ್ಯಾರ್ಥಿಗಳು, ತಂದೆತಾಯಿಗಳು, ಪೋಷಕರು ಹಾಗೂ ಶಾಲೆಯ ಕೆಲಸಕ್ಕೆ ಸಂಬಂಧಪಟ್ಟವರಷ್ಟೇ ಆಗಿದ್ದರೆ 1957ರ ಕೃತಿಸ್ವಾಮ್ಯ ಕಾಯ್ದೆ ವಿನಾಯಿತಿ ಕೊಡುತ್ತದೆ. ಟಿಕೆಟ್ ಮಾರಿ ಊರವರನ್ನೆಲ್ಲ ಕರೆದರೆ ಮಾತ್ರ ಆ ರಕ್ಷಣೆ ಸಿಗದು.