ದಿನಾಂಕ ಹೇಳಿ ಬರೋ ಬೇಸರ: ಚಳಿಗಾಲದ ಡಿಪ್ರೆಷನ್‌ಗೆ ಚೀನಾದ ಹಳೇ ತಯಾರಿ

ಇವತ್ತು ನಾವು ಚೀನಾದ ಈಶಾನ್ಯ ಭಾಗದಲ್ಲಿರೋ ಹಾರ್ಬಿನ್ ಅನ್ನೋ ಊರಿಗೆ ಹೋಗೋಣ.

ಡಿಸೆಂಬರ್ 21, 22ರ ಹೊತ್ತಿಗೆ ಹಾರ್ಬಿನ್‌ನಲ್ಲಿ ಸೂರ್ಯ ಹುಟ್ಟೋದು ಬೆಳಗ್ಗೆ 7 ದಾಟಿದ ಮೇಲೆ, ಮುಳುಗೋದು 4 ಗಂಟೆ ಆಗೋ ಮೊದಲೇ. ನಮ್ಮೂರಲ್ಲಿ ಕಾಫಿಗೆ ಹಾಲು ಕಾಯಿಸೋ ಹೊತ್ತಿಗೆ ಅಲ್ಲಿ ಬೀದಿ ದೀಪ ಹತ್ತಿರುತ್ತೆ. ಒಟ್ಟು ಹಗಲು 9 ಗಂಟೆಗಿಂತ ಕಡಿಮೆ. ಅದೇ ದಿನ ಬೆಂಗಳೂರಲ್ಲಿ 11 ಗಂಟೆಗೂ ಹೆಚ್ಚು ಹೊತ್ತು ಬೆಳಕಿರುತ್ತೆ. ಹಾರ್ಬಿನ್‌ನ ಜನವರಿಯ ಸರಾಸರಿ ಉಷ್ಣಾಂಶವಂತೂ ಸೊನ್ನೆಗಿಂತ 15 ಡಿಗ್ರಿಗೂ ಕೆಳಗೆ.

ಇಂಥ ಜಾಗದಲ್ಲಿ ಕೆಲವರಿಗೆ ಪ್ರತಿ ವರ್ಷ ಒಂದೇ ಸಮಯಕ್ಕೆ ಮನಸ್ಸು ಕುಸಿಯುತ್ತೆ. ಎಷ್ಟು ಮಲಗಿದ್ರೂ ನಿದ್ದೆ ಸಾಲಲ್ಲ. ಅನ್ನ, ಬ್ರೆಡ್ಡು, ಸಿಹಿ ಬೇಕು ಬೇಕು ಅನ್ಸುತ್ತೆ. ತೂಕ ಏರುತ್ತೆ. ಫ್ರೆಂಡ್ಸ್ ಫೋನ್ ಮಾಡಿದ್ರೆ ಎತ್ತೋಕೂ ಬೇಜಾರು. ವಸಂತ ಬಂದ ಕೂಡಲೇ ಯಾರೋ ಸ್ವಿಚ್ ಹಾಕಿದ ಹಾಗೆ ಸರಿಹೋಗ್ತಾರೆ. 1984ರಲ್ಲಿ ಅಮೆರಿಕದ ಮನೋವೈದ್ಯ ನಾರ್ಮನ್ ರೋಸೆಂಥಾಲ್ ಮತ್ತು ಅವರ ಸಂಗಡಿಗರು ಇದನ್ನು 'ಸೀಸನಲ್ ಅಫೆಕ್ಟಿವ್ ಡಿಸಾರ್ಡರ್' ಅಂತ ಹೆಸರಿಟ್ಟು ವಿವರಿಸಿದರು. ರೋಸೆಂಥಾಲ್ ಬಿಸಿಲಿನ ಜೋಹಾನ್ಸ್‌ಬರ್ಗ್‌ನಿಂದ ನ್ಯೂಯಾರ್ಕ್‌ಗೆ ಹೋದವರು, ಅಲ್ಲಿನ ಚಳಿಗಾಲ ಅವರನ್ನೇ ಅಲ್ಲಾಡಿಸಿತ್ತು. ಬೀದರ್‌ನಿಂದಲೋ ಮಂಗಳೂರಿನಿಂದಲೋ ಹೋಗಿ ಟೊರಾಂಟೊ, ಡಬ್ಲಿನ್, ಸ್ಟಾಕ್‌ಹೋಮ್‌ನಲ್ಲಿ ಓದ್ತಿರೋರಿಗೆ, ಚೀನಾದಲ್ಲೇ ಮೆಡಿಕಲ್ ಓದ್ತಿರೋರಿಗೆ, ಇದು ಅರ್ಥ ಆಗುತ್ತೆ.

ಈ ಕಾಯಿಲೆಯ ಒಂದು ವಿಚಿತ್ರ ಗುಣ ಕೇಳಿ. ಬೇರೆ ಡಿಪ್ರೆಷನ್‌ಗಳು ಹೇಳದೆ ಕೇಳದೆ ಬರ್ತವೆ. ಇದು ಮಾತ್ರ ಜಿಎಸ್‌ಟಿ ರಿಟರ್ನ್ ಥರ, ಡ್ಯೂ ಡೇಟ್ ಮೊದಲೇ ಗೊತ್ತು. ಅಂದಮೇಲೆ ತಯಾರಿ ಮಾಡ್ಕೋಬಹುದಲ್ವಾ? ಚೀನಾದ ಹಳೇ ಪದ್ಧತಿ ನನಗೆ ಇಷ್ಟವಾಗಿದ್ದು ಇಲ್ಲೇ. ಅವರ ಪಂಚಾಂಗದಲ್ಲಿ ವರ್ಷಕ್ಕೆ 24 ಸೌರ ಘಟ್ಟಗಳು. 2016ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿವೆ. ಅದರಲ್ಲಿ 'ಲಿದೊಂಗ್', ಅಂದ್ರೆ ಚಳಿಗಾಲದ ಆರಂಭ, ಬರೋದು ನವೆಂಬರ್ 7ರ ಆಸುಪಾಸಿಗೆ. ಕತ್ತಲು ಪೂರ್ತಿ ಕವಿಯೋಕೆ ಇನ್ನೂ ಆರು ವಾರ ಇರುವಾಗಲೇ ಊಟ, ನಿದ್ದೆ, ಬಟ್ಟೆ ಎಲ್ಲ ಬದಲಾಯಿಸ್ಕೋ ಅಂತ ಪಂಚಾಂಗ ನೆನಪಿಸುತ್ತೆ.

ಚೀನೀ ವೈದ್ಯದ ಮೂಲ ಗ್ರಂಥ 'ಹುವಾಂಗ್‌ದಿ ನೇಜಿಂಗ್', ಸುಮಾರು 2000 ವರ್ಷ ಹಳೇದು. ಹಳದಿ ಚಕ್ರವರ್ತಿ ಪ್ರಶ್ನೆ ಕೇಳ್ತಾನೆ, ಚೀಬೋ ಅನ್ನೋ ವೈದ್ಯ ಉತ್ತರ ಕೊಡ್ತಾನೆ. ಒಂಥರಾ ಪಾಡ್‌ಕಾಸ್ಟೇ ಬಿಡಿ. ಅದರ ಪ್ರಕಾರ ಚಳಿಗಾಲ ಅಂದ್ರೆ ಮುಚ್ಚಿಡೋ, ಕೂಡಿಡೋ ಕಾಲ. ಬೇಗ ಮಲಗಬೇಕು, ತಡವಾಗಿ ಏಳಬೇಕು, ಬಿಸಿಲಿಗಾಗಿ ಕಾಯಬೇಕು, ಬೆವರು ಹರಿಯೋ ಹಾಗೆ ಮೈ ದಣಿಸಬಾರದು, ಆಸೆಗಳನ್ನ ಒಳಗೇ ಬಚ್ಚಿಟ್ಟುಕೊಂಡವರ ಹಾಗೆ ಸಮಾಧಾನವಾಗಿರಬೇಕು. ಋತುವಿಗೆ ಒಪ್ಪೋ ಅಂಗ ಕಿಡ್ನಿ, ಅದು ದೇಹದ ಉಳಿತಾಯ ಖಾತೆ. ಬಿ.ಕಾಂ. ಭಾಷೆಯಲ್ಲಿ ಹೇಳೋದಾದ್ರೆ, ಮೂರು ತಿಂಗಳು ಎಫ್‌ಡಿ ಮುರೀಬೇಡಿ ಅಂತ. ಇಲ್ಲಿ ಕಿಡ್ನಿ ಅಂದ್ರೆ ನಮ್ಮ ಸ್ಕ್ಯಾನಿಂಗ್‌ನಲ್ಲಿ ಕಾಣೋ ಕಿಡ್ನಿ ಮಾತ್ರ ಅಲ್ಲ, ಅದೊಂದು ಕಲ್ಪನೆ. ಅದನ್ನ ಅಂಗರಚನಾಶಾಸ್ತ್ರ ಅಂತ ಓದಿದ್ರೆ ಗೊಂದಲ ಆಗುತ್ತೆ.

ಈಗ 'ತಡವಾಗಿ ಏಳಿ' ಅನ್ನೋದನ್ನ ಕೇಳಿ ಖುಷಿಪಟ್ಟವರಿಗೆ ಒಂದು ನಿರಾಸೆ. ತಡ ಅಂದ್ರೆ ಹನ್ನೊಂದು ಗಂಟೆ ಅಲ್ಲ, ಸೂರ್ಯ ಹುಟ್ಟೋವರೆಗೆ ಅಷ್ಟೇ. ಇಂದಿನ ವಿಜ್ಞಾನವೂ ಬಂದು ನಿಲ್ಲೋದು ಇದೇ ಬಿಸಿಲಲ್ಲಿ. ಚಳಿಗಾಲದ ಡಿಪ್ರೆಷನ್‌ಗೆ ಚೆನ್ನಾಗಿ ಪರೀಕ್ಷೆಯಾಗಿರೋ ಚಿಕಿತ್ಸೆ ಬೆಳಗಿನ ಬೆಳಕು. ಸಾಮಾನ್ಯವಾಗಿ 10,000 ಲಕ್ಸ್ ಪ್ರಖರತೆಯ ದೀಪದ ಮುಂದೆ ಎದ್ದ ಕೂಡಲೇ ಅರ್ಧ ಗಂಟೆ ಕೂರಿಸ್ತಾರೆ. ನಮ್ಮ ರೂಮಿನ ಟ್ಯೂಬ್‌ಲೈಟ್ ಬೆಳಕು ಕೆಲವು ನೂರು ಲಕ್ಸ್ ಅಷ್ಟೇ. ಮೋಡ ಕವಿದ ದಿನ ಹೊರಗೆ ನಿಂತ್ರೂ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಬೆಳಕು ಸಿಗುತ್ತೆ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದಾಗ ಮೆದುಳಿನ ಗಡಿಯಾರಕ್ಕೆ 'ಬೆಳಗಾಯ್ತು' ಅನ್ನೋ ಸುದ್ದಿ ಹೋಗಿ, ನಿದ್ದೆಯ ಹಾರ್ಮೋನು ಮೆಲಟೋನಿನ್ ಇಳಿಯುತ್ತೆ. ಹಾಗಾಗಿ ದಿನಾ ಒಂದೇ ಹೊತ್ತಿಗೆ ಎದ್ದು ಹೊರಗೆ ಹೋಗೋದು ಮೊದಲ ಕೆಲಸ. ಬೈಪೋಲಾರ್ ಇರೋರು, ಕಣ್ಣಿನ ರೆಟಿನಾ ತೊಂದರೆ ಇರೋರು ಮಾತ್ರ ಡಾಕ್ಟರನ್ನ ಕೇಳದೆ ಆ ದೀಪ ಕೊಳ್ಳಬಾರದು.

ಚೀನಾದ ಅಜ್ಜ ಅಜ್ಜಿಯರು ಚಳಿಗಾಲದಲ್ಲಿ ಗೋಡೆ ಬದಿಗೆ ಸ್ಟೂಲ್ ಹಾಕ್ಕೊಂಡು, ಸೂರ್ಯನಿಗೆ ಬೆನ್ನು ಕೊಟ್ಟು ಕೂರ್ತಾರೆ. 'ಶಾಯ್‌ಬೇಯ್', ಬೆನ್ನು ಕಾಯಿಸೋದು. ದೇಹದ ಉಷ್ಣಶಕ್ತಿಯ ಮುಖ್ಯ ನಾಡಿ ಬೆನ್ನುಹುರಿಯ ಮೇಲೇ ಹಾದುಹೋಗುತ್ತೆ ಅನ್ನೋದು ಅವರ ಲೆಕ್ಕ. 1998ರಲ್ಲಿ ಅಮೆರಿಕದ ಇಬ್ಬರು ವಿಜ್ಞಾನಿಗಳು ಮಂಡಿಯ ಹಿಂಭಾಗಕ್ಕೆ ಬೆಳಕು ಬಿಟ್ಟರೂ ದೇಹದ ಗಡಿಯಾರ ಬದಲಾಗುತ್ತೆ ಅಂತ ಪ್ರಕಟಿಸಿದ್ದರು, ಆದ್ರೆ ಬೇರೆಯವರು ಮತ್ತೆ ಮಾಡಿ ನೋಡಿದಾಗ ಆ ಫಲಿತಾಂಶ ಸಿಗಲಿಲ್ಲ. ಕೆಲಸ ಮಾಡೋದು ಕಣ್ಣಿಗೆ ಬಿದ್ದ ಬೆಳಕು. ಆದ್ರೂ ಬಯಲಲ್ಲಿ ಬೆನ್ನು ಕಾಯಿಸ್ತಾ ಕೂತವರ ಕಣ್ಣಿಗೂ ಬೆಳಕು ಬೀಳುತ್ತೆ, ಪಕ್ಕದಲ್ಲಿ ಹರಟೋಕೆ ಜನಾನೂ ಇರ್ತಾರೆ. ಸೂರ್ಯನನ್ನೇ ದಿಟ್ಟಿಸಿ ನೋಡೋದಂತೂ ಬೇಡವೇ ಬೇಡ.

ಇನ್ನು ನನಗೆ ಅತ್ಯಂತ ಇಷ್ಟವಾದದ್ದು ವೈದ್ಯ ಗ್ರಂಥದಲ್ಲಿಲ್ಲ, ಜನರ ರೂಢಿಯಲ್ಲಿದೆ. ವರ್ಷದ ಅತಿ ಚಿಕ್ಕ ಹಗಲಿನ ದಿನ, 'ದೊಂಗ್‌ಝಿ', ಇದೆಯಲ್ಲ, ಅಲ್ಲಿಂದ ಚಳಿಯನ್ನ ಒಂಬತ್ತೊಂಬತ್ತು ದಿನದ ಒಂಬತ್ತು ಕಂತಾಗಿ ಎಣಿಸ್ತಾರೆ. ಒಟ್ಟು 81 ದಿನ, ಮಾರ್ಚ್ ಎರಡನೇ ವಾರದ ಹೊತ್ತಿಗೆ ಮುಗಿಯುತ್ತೆ. ಇದಕ್ಕೊಂದು ಚಿತ್ರಪಟ ಇರ್ತಿತ್ತು: ಬರೀ ಗೆರೆಯಲ್ಲಿ ಬಿಡಿಸಿದ ಪ್ಲಮ್ ಕೊಂಬೆ, ಒಂಬತ್ತು ಹೂವು, ಹೂವಿಗೆ ಒಂಬತ್ತು ಎಸಳು. ದಿನಕ್ಕೊಂದೇ ಎಸಳಿಗೆ ಬಣ್ಣ. ಕೊನೆ ಎಸಳು ಕೆಂಪಾಗೋ ಹೊತ್ತಿಗೆ ಹೊರಗೆ ವಸಂತ. ಇನ್ನೊಂದು ಬಗೆಯಲ್ಲಿ 81 ಸೊನ್ನೆಗಳು: ಆ ದಿನ ಮೋಡ ಇದ್ರೆ ಸೊನ್ನೆಯ ಮೇಲ್ಭಾಗಕ್ಕೆ ಬಣ್ಣ, ಬಿಸಿಲಿದ್ರೆ ಕೆಳಭಾಗಕ್ಕೆ, ಹಿಮ ಬಿದ್ರೆ ನಡುವಿಗೆ.

ಇದನ್ನ ಸುಮ್ನೆ ಟೈಂಪಾಸ್ ಅಂದ್ಕೋಬೇಡಿ. ಡಿಪ್ರೆಷನ್ ಮಾಡೋ ದೊಡ್ಡ ಮೋಸ ಅಂದ್ರೆ 'ಇದು ಮುಗಿಯೋದೇ ಇಲ್ಲ' ಅಂತ ನಂಬಿಸೋದು. ಗೋಡೆ ಮೇಲಿರೋ ಹಾಳೆ 'ಇನ್ನು 34 ಎಸಳು' ಅಂತ ಲೆಕ್ಕ ತೋರಿಸುತ್ತೆ. ಬಿಸಿಲೋ ಮೋಡವೋ ಅಂತ ಗುರುತು ಹಾಕಬೇಕಾದ್ರೆ ಪರದೆ ಸರಿಸಿ ಆಕಾಶ ನೋಡಲೇಬೇಕು. ಚಳಿಗಾಲದ ಡಿಪ್ರೆಷನ್‌ಗೆ ಅಂತಲೇ ರೂಪಿಸಿದ ಮಾತಿನ ಚಿಕಿತ್ಸೆಯೂ ಇಂಥ ಆಲೋಚನೆ, ದಿನದ ಚಟುವಟಿಕೆಗಳ ಮೇಲೇ ಕೆಲಸ ಮಾಡುತ್ತೆ. ಅಮೆರಿಕದ ಕೆಲ್ಲಿ ರೋಹನ್ ಅವರ ತಂಡ ಅದನ್ನ ಬೆಳಕಿನ ಚಿಕಿತ್ಸೆ ಜೊತೆ ಹೋಲಿಸಿ ನೋಡಿದಾಗ, ಎರಡು ಚಳಿಗಾಲ ಕಳೆದ ಮೇಲೆ ಮಾತಿನ ಚಿಕಿತ್ಸೆ ಪಡೆದವರಲ್ಲಿ ಕಾಯಿಲೆ ಮರುಕಳಿಸಿದ್ದು ಕಡಿಮೆ.

ಚೀನೀ ವೈದ್ಯರು ಖಿನ್ನತೆಗೆ ಬಳಸೋ ಪದ 'ಯು'. ಅದರ ಅರ್ಥ ದುಃಖ ಅಂತಲ್ಲ, ಕಟ್ಟಿಕೊಂಡಿರೋದು, ಸಿಕ್ಕಿಹಾಕಿಕೊಂಡಿರೋದು. ಮೋರಿ ಕಟ್ಟಿದ ಹಾಗೆ. 14ನೇ ಶತಮಾನದ ವೈದ್ಯ ಝೂ ದಾನ್‌ಶಿ ಇಂಥ ಆರು ಬಗೆಯ ಕಟ್ಟುಗಳನ್ನ ವಿವರಿಸಿದ್ದಾನೆ. ಕಟ್ಟಿದ್ದು ಹರಿಯಬೇಕಾದ್ರೆ ಮೈ ಆಡಬೇಕು, ಆದ್ರೆ ಬೆವರು ಸುರಿಸದೆ. ಅದಕ್ಕೇ ಅವರ ಪಾರ್ಕುಗಳಲ್ಲಿ ತಾಯ್‌ಚಿ, 'ಬಾದ್ವಾನ್‌ಜಿನ್'. ಬಾದ್ವಾನ್‌ಜಿನ್‌ನಲ್ಲಿ ಎಂಟೇ ಚಲನೆ, ಹದಿನೈದು ನಿಮಿಷದೊಳಗೆ ಮುಗಿಯುತ್ತೆ, ಹಾಸ್ಟೆಲ್ ರೂಮಲ್ಲೂ ಆಗುತ್ತೆ. ಇವು ಖಿನ್ನತೆಯ ಲಕ್ಷಣ ತಗ್ಗಿಸ್ತವೆ ಅನ್ನೋ ಅಧ್ಯಯನಗಳಿವೆ. ನಮ್ಮ ಸೂರ್ಯನಮಸ್ಕಾರ ಗೊತ್ತಿದ್ರೆ ಅದನ್ನೇ ಮಾಡಿ, ಯಾರೂ ಬೇಜಾರು ಮಾಡ್ಕೊಳ್ಳಲ್ಲ.

ರಾತ್ರಿ ಬಿಸಿನೀರಲ್ಲಿ ಪಾದ ಅದ್ದಿ ಹದಿನೈದು ನಿಮಿಷ ಕೂರೋದು ಅಲ್ಲಿನ ಮನೆಮನೆ ಅಭ್ಯಾಸ. ಪಾದ ಬೆಚ್ಚಗಿದ್ರೆ ನಿದ್ದೆ ಬೇಗ ಹತ್ತುತ್ತೆ ಅನ್ನೋದು ಪ್ರಯೋಗದಲ್ಲೂ ಕಂಡ ವಿಷಯ. ಮನೇಲಿ ಶುಗರ್ ಇರೋರಿಗೆ ಪಾದದ ಸ್ಪರ್ಶ ಕಡಿಮೆ ಆಗಿರಬಹುದು, ನೀರಿನ ಬಿಸಿಯನ್ನ ಮೊದಲು ಬೇರೆಯವರು ಕೈಯಿಟ್ಟು ನೋಡಲಿ. ಊಟದ ವಿಷಯಕ್ಕೆ ಬಂದ್ರೆ ಶುಂಠಿ ಹಾಕಿದ ಕುರಿಮಾಂಸದ ಸಾರು, ವಾಲ್‌ನಟ್, ಕಪ್ಪು ಎಳ್ಳು, ಕೆಂಪು ಖರ್ಜೂರ. ದೊಂಗ್‌ಝಿ ದಿನ ಉತ್ತರದಲ್ಲಿ ಡಂಪ್ಲಿಂಗ್ ತಿನ್ನಲೇಬೇಕು. ಹಾನ್ ಕಾಲದ ವೈದ್ಯ ಝಾಂಗ್ ಝೋಂಗ್‌ಜಿಂಗ್ ಚಳಿಗೆ ಕಿವಿ ಮರಗಟ್ಟಿದ್ದ ಬಡವರಿಗೆ ಕಿವಿಯಾಕಾರದ ಕಡುಬು ಮಾಡಿ ಹಂಚಿದ ಅಂತ ಕಥೆ. ಕಥೆ ನಿಜವೋ ಸುಳ್ಳೋ, ವರ್ಷದ ಅತಿ ಉದ್ದದ ರಾತ್ರಿ ಯಾರೂ ಒಂಟಿಯಾಗಿ ಊಟ ಮಾಡಬಾರದು ಅನ್ನೋ ಏರ್ಪಾಡು ಚೆನ್ನಾಗಿದೆ.

ಕೊನೆಗೆ ಔಷಧಿ. ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗೇ ಹೇಳ್ತೀನಿ. 'ಶಿಯಾವ್‌ಯಾವ್ ಸಾನ್' ಅನ್ನೋ ಸೋಂಗ್ ಕಾಲದ ಪುಡಿ ಮನಸ್ಸಿನ ಕಟ್ಟು ಬಿಡಿಸುತ್ತೆ ಅಂತ ಚೀನಾದಲ್ಲಿ ಇವತ್ತಿಗೂ ಕೊಡ್ತಾರೆ. ಆದ್ರೆ ಚಳಿಗಾಲದ ಡಿಪ್ರೆಷನ್‌ಗೆ ಗಿಡಮೂಲಿಕೆ ಬಗ್ಗೆ ಬೆಳಕಿನ ಚಿಕಿತ್ಸೆಗಿರೋವಷ್ಟು ಗಟ್ಟಿ ಪುರಾವೆ ಇಲ್ಲ. ಆನ್‌ಲೈನ್‌ನಲ್ಲಿ ಪ್ಯಾಕೆಟ್ ನೋಡಿ ತರಿಸ್ಕೊಳ್ಳೋದಂತೂ ಅಪಾಯ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ತೂಕ ಇಳಿಸೋಕೆ ಕೊಟ್ಟ ಚೀನೀ ಮೂಲಿಕೆ ಪುಡಿಯಲ್ಲಿ ಒಂದು ಬೇರಿನ ಬದಲು ಅರಿಸ್ಟೊಲೋಕಿಯಾ ಜಾತಿಯ ಬೇರು ಸೇರಿಹೋಗಿ ಎಷ್ಟೋ ಹೆಂಗಸರ ಕಿಡ್ನಿ ಹಾಳಾಯ್ತು, ಕೆಲವರಿಗೆ ಮುಂದೆ ಮೂತ್ರನಾಳದ ಕ್ಯಾನ್ಸರ್ ಬಂತು. 'ನ್ಯಾಚುರಲ್' ಅನ್ನೋ ಪದ ಗ್ಯಾರಂಟಿ ಕಾರ್ಡ್ ಅಲ್ಲ. ಡಿಪ್ರೆಷನ್ ಮಾತ್ರೆ ತಗೊಳ್ತಿರೋರು ಅದನ್ನ ತಾವೇ ನಿಲ್ಲಿಸಿ ಇದನ್ನ ಶುರು ಮಾಡೋದು, ಎರಡನ್ನೂ ಬೆರೆಸೋದು, ಎರಡೂ ಬೇಡ.

ಎರಡು ವಾರ ಕಳೆದ್ರೂ ಮನಸ್ಸು ಏಳದಿದ್ರೆ, ಕೆಲಸ ಓದು ನಿಂತುಹೋಗ್ತಿದ್ರೆ ಡಾಕ್ಟರ ಹತ್ರ ಹೋಗಿ. ಬದುಕೇ ಬೇಡ ಅನ್ನೋ ಯೋಚನೆ ಬಂದ್ರೆ ಎರಡು ವಾರ ಅಲ್ಲ, ಎರಡು ಗಂಟೆನೂ ಕಾಯಬೇಡಿ. ಭಾರತದಲ್ಲಿರೋರು ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದ್ರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಹೊರದೇಶದಲ್ಲಿರೋರು ನಿಮ್ಮ ಕಾಲೇಜಿನ ಕೌನ್ಸೆಲಿಂಗ್ ವಿಭಾಗದ ನಂಬರನ್ನ ನವೆಂಬರ್‌ನಲ್ಲೇ ಫೋನ್‌ನಲ್ಲಿ ಸೇವ್ ಮಾಡಿಟ್ಕೊಳ್ಳಿ. ಮುಂದಿನ ವಾರ ಸಿಗೋಣ.